ಮನುಷ್ಯರ ಚೆಸ್ ಚಾಂಪಿಯನ್‌ಷಿಪ್‌ಗಳಲ್ಲಿ ಕಂಪ್ಯೂಟರ್ ಪ್ರೋಗ್ರಾಂಗಳಿಗೂ ಆಡಲು ಅವಕಾಶ ಏಕಿಲ್ಲ? ಸೋಲುವ ಭಯವೇ?

ಅವಕಾಶವಿದ್ದ ಕಾಲವೊಂದಿತ್ತು. 1967ರಲ್ಲಿ ಅಮೆರಿಕದ ಎಂಐಟಿಯ ಮ್ಯಾಕ್ ಹ್ಯಾಕ್ ಎಂಬ ಪ್ರೋಗ್ರಾಂ ಮನುಷ್ಯರ ಪಂದ್ಯಾವಳಿಗಳಲ್ಲಿ ಆಡಿತು. 1977ರಲ್ಲಿ ಚೆಸ್ 4.5 ಎಂಬುದು ಮಿನ್ನೆಸೋಟ ಓಪನ್ ಅನ್ನೇ ಗೆದ್ದಿತು. 1988ರಲ್ಲಿ ಕ್ಯಾಲಿಫೋರ್ನಿಯದ ಲಾಂಗ್ ಬೀಚ್‌ನಲ್ಲಿ ಡೀಪ್ ಥಾಟ್, ಗ್ರ್ಯಾಂಡ್‌ಮಾಸ್ಟರ್ ಟೋನಿ ಮೈಲ್ಸ್ ಅವರೊಂದಿಗೆ ಮೊದಲ ಸ್ಥಾನ ಹಂಚಿಕೊಂಡಿತು. ಬಹುಮಾನದ ಹಣ ಯಂತ್ರಕ್ಕೆ ಸಲ್ಲದೆ ಮೈಲ್ಸ್ ಅವರಿಗೇ ಸಂದಿತು; ಆದರೆ ಅದರೆದುರು ಸೋತ ಬೆಂಟ್ ಲಾರ್ಸೆನ್ ಅವರ ಅಂಕ ಹೋದದ್ದು ಹೋಯಿತು. ನನ್ನ ಮಟ್ಟಿಗೆ ನಿಜವಾದ ತೊಡಕು ಇಲ್ಲಿದೆ.

ಮೈಸೂರಿನ ಸ್ಥಳೀಯ ಪಂದ್ಯಾವಳಿಗಳಲ್ಲಿ ತೀರ್ಪುಗಾರನಾಗಿರುವವನು ನಾನು. ಇಲ್ಲಿ ನಡೆಯುವುದು ಬಹುಪಾಲು ಸ್ವಿಸ್ ಪದ್ಧತಿ, ಅಂದರೆ ಸಮಾನ ಅಂಕ ಪಡೆದವರು ಮುಂದಿನ ಸುತ್ತಿನಲ್ಲಿ ಪರಸ್ಪರ ಎದುರಾಗುತ್ತಾರೆ, ಎಲ್ಲರೂ ಎಲ್ಲರೊಡನೆ ಆಡುವುದಿಲ್ಲ. ಕುವೆಂಪುನಗರದ ಒಂದು ಸಭಾಂಗಣದಲ್ಲಿ ಏಳು ಸುತ್ತಿನ ಪಂದ್ಯಾವಳಿ ನಡೆದಿದೆ ಎಂದುಕೊಳ್ಳಿ. ಕೊನೆಯ ಸುತ್ತಿಗೆ ಮುನ್ನ ಐದು ಅಂಕ ಗಳಿಸಿರುವ ಮಂಡ್ಯದ ಹುಡುಗಿಗೆ ಪೇರಿಂಗ್ ಪಟ್ಟಿಯಲ್ಲಿ ಎದುರಾಳಿಯಾಗಿ ಯಂತ್ರ ಬಂದರೆ, ಅವಳು ಕುರ್ಚಿಯಲ್ಲಿ ಕೂರುವ ಮೊದಲೇ ಬಹುಮಾನ ಕೈತಪ್ಪಿದಂತೆ; ಅಷ್ಟೇ ಅಂಕವಿರುವ ಪಕ್ಕದ ಬೋರ್ಡಿನ ಹುಡುಗನಿಗೆ ಮನುಷ್ಯ ಎದುರಾಳಿ ಸಿಕ್ಕಿ, ಒಂದು ಡ್ರಾ ಮಾಡಿಕೊಂಡರೂ ಅವಳಿಗಿಂತ ಮುಂದೆ ಹೋಗುತ್ತಾನೆ. ಹೆತ್ತವರು ನನ್ನ ಮೇಜಿನ ಬಳಿ ಬಂದು ಜಗಳವಾಡಿದರೆ ಅವರದು ತಪ್ಪೆನ್ನಲಾರೆ. ಆಟಗಾರರ ಸಂಖ್ಯೆ ಬೆಸವಾದಾಗ, ಎದುರಾಳಿ ಸಿಗದೆ ಉಳಿದವನಿಗೆ ಬೈ (ಆಡದೆಯೇ ಸಿಗುವ ಅಂಕ) ಕೊಡುವ ಬದಲು ಯಂತ್ರವನ್ನು ಕೂರಿಸಿ ಎನ್ನುವವರೂ ಇದ್ದಾರೆ. ಬೈ ಪಡೆದವನಿಗೆ ಪೂರ್ಣ ಅಂಕ ಸಿಗುವಲ್ಲಿ ಸೊನ್ನೆ ಕೊಟ್ಟಂತಾಗುತ್ತದೆ.

ಎಲ್ಲರೂ ಎಲ್ಲರೊಡನೆ ಆಡುವ ಪದ್ಧತಿಯಲ್ಲಿ ಈ ಅನ್ಯಾಯವಿಲ್ಲ. 2000ದಲ್ಲಿ ಡಾರ್ಟ್‌ಮಂಡ್‌ನ ಇಂಥದೇ ಪಂದ್ಯಾವಳಿಯಲ್ಲಿ ಜೂನಿಯರ್ ಎಂಬ ಪ್ರೋಗ್ರಾಂ ಒಂಬತ್ತು ಆಟಗಳಲ್ಲಿ 4.5 ಅಂಕ ಗಳಿಸಿತ್ತು, ಅಂದರೆ ಆಗಿನ್ನೂ ಅದನ್ನು ಸೋಲಿಸಬಹುದಿತ್ತು. ಇಂದಿನ ಸ್ಟಾಕ್‌ಫಿಷ್ ಎಂಬ ಪ್ರೋಗ್ರಾಂ ಎಲ್ಲರಿಂದಲೂ ಒಂದೊಂದು ಅಂಕ ಕಿತ್ತುಕೊಂಡರೆ ಮನುಷ್ಯರ ನಡುವಿನ ಕ್ರಮಾಂಕ ಇದ್ದಲ್ಲೇ ಇರುತ್ತದೆ. ಒಂದು ಸುತ್ತು ವ್ಯರ್ಥ, ಅಷ್ಟೆ.

ಅಂಕಪಟ್ಟಿಗೆ ಸೇರದ ಪ್ರದರ್ಶನ ಪಂದ್ಯಕ್ಕೆ ನನ್ನ ತಕರಾರಿಲ್ಲ. 2006ರಲ್ಲಿ ಬಾನ್ ನಗರದಲ್ಲಿ ವಿಶ್ವ ಚಾಂಪಿಯನ್ ಕ್ರಾಮ್ನಿಕ್ ಅವರು ಡೀಪ್ ಫ್ರಿಟ್ಜ್ ವಿರುದ್ಧ 2-4ರಿಂದ ಸೋತಾಗ, ಎರಡನೆಯ ಆಟದಲ್ಲಿ ಒಂದೇ ನಡೆಯ ಚೆಕ್‌ಮೇಟ್ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಆ ಸೋಲಿನಿಂದ ಬೇರೆ ಯಾವ ಆಟಗಾರನ ಸ್ಥಾನವೂ ಕದಲಲಿಲ್ಲ.