ಮೋಟಿವೇಶನ್ ಭಾಷಣ ಬೇಡ, ಮೊದಲು ಡ್ಯೂಟಿ ಚಾರ್ಟ್ ತೆಗೆಯಿರಿ

ಮಕ್ಕಳ ಗೃಹ ನಡೆಸುವವರು ಕೇಳುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. ಈ ಸಲ ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ, ಮತ್ತೆ ಕೇಳದಿರಲಿ ಅಂತ.

ಪ್ರಶ್ನೆ: ನಮ್ಮಲ್ಲಿ ಕೇರ್‌ಟೇಕರ್‌ಗಳು ಒಬ್ಬೊಬ್ಬರಾಗಿ ಕೆಲಸ ಬಿಡುತ್ತಿದ್ದಾರೆ. ಇರುವವರು ಮಕ್ಕಳ ಮೇಲೆ ಸಿಡುಕುತ್ತಾರೆ. ಉತ್ಸಾಹ ತುಂಬಲು ಒಂದು ದಿನದ ಮೋಟಿವೇಶನ್ ಕಾರ್ಯಕ್ರಮ ಇಡಬೇಕೆಂದಿದ್ದೇವೆ. ಯಾರನ್ನು ಕರೆಸಬಹುದು?

ಯಾರನ್ನೂ ಬೇಡ. ಆ ದುಡ್ಡಿನಲ್ಲಿ ಬದಲಿ ಜನ ಇಟ್ಟು, ಇರುವವರಿಗೆ ಸರದಿ ಮೇಲೆ ರಜೆ ಕೊಡಿ. ಚಪ್ಪಾಳೆ ತಟ್ಟಿಸಿ, ಕಣ್ಣು ಮುಚ್ಚಿಸಿ, ‘ನನ್ನಿಂದ ಎಲ್ಲಾ ಆಗುತ್ತೆ’ ಅಂತ ಕೂಗಿಸುವವರು ಸಂಜೆಗೆ ಹೊರಟುಹೋಗುತ್ತಾರೆ. ರಾತ್ರಿ ಎರಡಕ್ಕೆ ಚೀರಿ ಏಳುವ ಮಗುವಿನ ಪಕ್ಕ ಕೂರುವುದು ನಿಮ್ಮ ಕೇರ್‌ಟೇಕರ್. ಅದೂ ಒಬ್ಬರೇ.

ಕೆಲಸ ಮಾಡಿ ಮಾಡಿ ಬಸವಳಿದು ಹೋಗುವುದಕ್ಕೆ ಬರ್ನ್‌ಔಟ್ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ಕಾಯಿಲೆಗಳ ಪಟ್ಟಿ ಐಸಿಡಿ-11 ಇದನ್ನು ಕಾಯಿಲೆ ಅನ್ನುವುದಿಲ್ಲ. ಕೆಲಸದ ಜಾಗದ ಒತ್ತಡವನ್ನು ಸರಿಪಡಿಸದೆ ಬಿಟ್ಟಾಗ ಬರುವ ಸ್ಥಿತಿ ಅನ್ನುತ್ತದೆ. ಲಕ್ಷಣ ಮೂರು: ಸುಸ್ತು, ಕೆಲಸದ ಬಗ್ಗೆ ಅಸಡ್ಡೆ, ‘ನನ್ನಿಂದ ಏನೂ ಆಗ್ತಿಲ್ಲ’ ಅನ್ನುವ ಭಾವ. ನಿಮ್ಮ ಸಿಬ್ಬಂದಿಯ ಸಿಡುಕು ಇಲ್ಲಿಂದ ಬಂದದ್ದಾದರೆ ಅವರಿಗೆ ಉತ್ಸಾಹ ತುಂಬಿ ಏನು ಬಂತು? ರಿಪೇರಿ ಆಗಬೇಕಾದದ್ದು ಕೆಲಸ.

ಇದರ ಮೇಲೆ ಇನ್ನೊಂದು ಭಾರ ಇದೆ. ಹೊಡೆತ ತಿಂದ, ಕೈಬಿಟ್ಟ ಮಕ್ಕಳ ಕಥೆ ದಿನಾ ಕೇಳುವವರಿಗೆ ಆ ಚಿತ್ರಗಳೇ ಕಣ್ಣ ಮುಂದೆ ಬರುತ್ತವೆ, ನಿದ್ದೆ ಕೆಡುತ್ತದೆ, ಬಾಗಿಲು ಬಡಿದರೂ ಬೆಚ್ಚುತ್ತಾರೆ. ಇದು ಮನಸ್ಸಿನ ದೌರ್ಬಲ್ಯ ಅಲ್ಲ. ‘ನೀನು ಜಾಸ್ತಿ ತಲೆಗೆ ಹಚ್ಚಿಕೊಳ್ತೀಯ’ ಅನ್ನುವ ಮೇಲಧಿಕಾರಿ ಆ ಮಾತು ನಿಲ್ಲಿಸಿದರೆ ಅರ್ಧ ಉಪಕಾರ.

ಈಗ ಡ್ಯೂಟಿ ಚಾರ್ಟ್ ತೆಗೆಯಿರಿ. ರಾತ್ರಿ ಪಾಳಿ ಮುಗಿಸಿದವರನ್ನೇ ಬೆಳಿಗ್ಗೆ ‘ಸ್ವಲ್ಪ ಹೊತ್ತು’ ಉಳಿಸಿಕೊಳ್ಳುತ್ತಿದ್ದೀರಾ? ವಾರದ ರಜೆ ಹಿಂದಿನ ಸಂಜೆ ರದ್ದಾಗುತ್ತದೆಯಾ? ಪಾಳಿ ಬದಲಾಗುವಾಗ ಕೂತು ಮಾತಾಡಲು ಹತ್ತು ನಿಮಿಷವಾದರೂ ಇದೆಯಾ? ಇಷ್ಟು ನೋಡದೆ ಯೋಗ, ಧ್ಯಾನ ಅಂತ ಹೊರಡಬೇಡಿ.

ಆಮೇಲೆ ಸೂಪರ್‌ವಿಷನ್. ತಪ್ಪು ಹಿಡಿಯುವ ತಪಾಸಣೆ ಅಲ್ಲ, ಕೇರ್‌ಟೇಕರ್ ಜೊತೆ ಕೂತು ಅವರ ಕೆಲಸದ ಬಗ್ಗೆ ಮಾತಾಡುವುದು. ಹದಿನೈದು ದಿನಕ್ಕೊಮ್ಮೆ, ಗೊತ್ತಾದ ದಿನ, ಗೊತ್ತಾದ ಹೊತ್ತು, ಡ್ಯೂಟಿ ಸಮಯದೊಳಗೇ ಒಂದು ಗಂಟೆ. ನಡೆಸುವವರು ಸಂಬಳ ಬರೆಯುವವರಾಗದಿದ್ದರೆ ಒಳ್ಳೆಯದು. ಅಲ್ಲಿ ಏನಾಗುತ್ತದೆ ಅನ್ನುತ್ತೀರಾ? ಲಾಗ್‌ಬುಕ್‌ನಲ್ಲಿ ಬರೆದಿರುತ್ತಾರೆ: ‘ಹುಡುಗ ಮಲಗುವಾಗ ಗಲಾಟೆ ಮಾಡಿದ. ಸಮಾಧಾನ ಮಾಡಲಾಯಿತು.’ ಕೂತು ಕೇಳಿದರೆ ಕೇರ್‌ಟೇಕರ್ ತೋಳು ಮಡಚಿ ಹಲ್ಲಿನ ಗುರುತು ತೋರಿಸುತ್ತಾರೆ. ‘ಲೈಟ್ ಆರಿಸಿದೆ, ಕಚ್ಚಿದ. ಕೈ ಎತ್ತಿಬಿಡ್ತಿದ್ದೆ, ಹೊರಗೆ ಹೋಗಿ ನಿಂತೆ’ ಅನ್ನುತ್ತಾರೆ. ಅಲ್ಲಿಂದ ಎರಡು ವಿಷಯ ಸಿಗುತ್ತದೆ. ಆ ಹುಡುಗನಿಗೆ ಕತ್ತಲು ಅಂದರೆ ಆಗಲ್ಲ, ನಾಳೆಯಿಂದ ಸಣ್ಣ ದೀಪ ಉರಿಯಲಿ. ಹೊರಗೆ ಹೋಗಿ ನಿಂತದ್ದು ಸರಿಯಾದ ಕೆಲಸ, ಆದರೆ ಆಗ ಒಳಗೆ ಇನ್ನೊಬ್ಬರು ಇರಬೇಕಿತ್ತು. ಭಾಷಣದಲ್ಲಿ ಇದು ಸಿಗುತ್ತಾ?

ತರಬೇತಿ ಬೇಡವೇ ಅಂತ ಕೇಳಬೇಡಿ, ಬೇಕು. ಒಂದೇ ಸಾಲದು. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಶಿಶುಗೃಹಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೆದು, 2008ರಲ್ಲಿ ಪ್ರಕಟವಾಯಿತು. ಒಂದು ಗೃಹದಲ್ಲಿ ಬರೀ ತರಬೇತಿ. ಇನ್ನೊಂದರಲ್ಲಿ ತರಬೇತಿಯ ಜೊತೆಗೆ ಗುಂಪು ಚಿಕ್ಕದು ಮಾಡಿದರು, ಮಕ್ಕಳಿಗೆ ದಿನಾ ಅದೇ ಮುಖ ಕಾಣುವಂತೆ ಪಾಳಿ ಬದಲಿಸಿದರು. ಮೂರನೆಯದನ್ನು ಇದ್ದ ಹಾಗೇ ಬಿಟ್ಟರು. ಮಕ್ಕಳು ಎಲ್ಲಕ್ಕಿಂತ ಚೆನ್ನಾಗಿ ಬೆಳೆದದ್ದು ಎರಡೂ ಸಿಕ್ಕ ಗೃಹದಲ್ಲಿ. ಕಲಿತದ್ದನ್ನು ಬಳಸಲು ಪಾಳಿಯೇ ಬಿಡದಿದ್ದರೆ ಕಲಿತವರಿಗೆ ಹತಾಶೆ ಜಾಸ್ತಿಯಾಗುತ್ತದೆ, ಅಷ್ಟೇ.

ಪ್ರಶ್ನೆ: ಮಕ್ಕಳನ್ನು ಹಚ್ಚಿಕೊಳ್ಳಬೇಡಿ ಅಂತ ಸಿಬ್ಬಂದಿಗೆ ಹೇಳುತ್ತೇವೆ. ಸರಿ ಅಲ್ವಾ?

ತಪ್ಪು. ಹಚ್ಚಿಕೊಳ್ಳದೆ ಆ ಕೆಲಸ ಆಗುವುದಿಲ್ಲ.

ಪ್ರಶ್ನೆ: ಮೂರು ದಿನದಲ್ಲಿ ‘ಟ್ರಾಮಾ ತಜ್ಞ’ (ಮನಸ್ಸಿನ ಆಘಾತದ ತಜ್ಞ) ಅಂತ ಸರ್ಟಿಫಿಕೇಟ್ ಕೊಡುವ ಆನ್‌ಲೈನ್ ಕೋರ್ಸ್ ಇದೆ. ಎಲ್ಲರನ್ನೂ ಸೇರಿಸೋಣವೇ?

ಮೂರು ದಿನದಲ್ಲಿ ತಜ್ಞರಾದವರ ಕೈಗೆ ಮಕ್ಕಳನ್ನು ಕೊಡಬೇಡಿ.

ಪ್ರಶ್ನೆ: ಗೃಹದಲ್ಲಿ ಒಂದು ಕೆಟ್ಟ ಘಟನೆ ನಡೆಯಿತು. ಮರುದಿನವೇ ಎಲ್ಲರನ್ನೂ ಕೂರಿಸಿ ನಡೆದದ್ದೆಲ್ಲ ಹೇಳಿಸಿಬಿಡಬೇಕು ಅಂತ ಒಬ್ಬರು ಸಲಹೆ ಕೊಟ್ಟಿದ್ದಾರೆ.

ಅವರಿಗೆ ದೂರದಿಂದಲೇ ನಮಸ್ಕಾರ ಹೇಳಿ. ಒತ್ತಾಯದಿಂದ ಒಂದೇ ಸಲಕ್ಕೆ ಎಲ್ಲ ಹೊರಹಾಕಿಸುವುದರಿಂದ ಮುಂದಿನ ತೊಂದರೆ ತಪ್ಪುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಇದು ಬೇಡ ಅಂದಿದೆ. ಸಿಬ್ಬಂದಿಯನ್ನು ಮನೆಗೆ ಬಿಡಿ, ಜೊತೆಗೊಬ್ಬರಿರಲಿ, ಮಾತಾಡಬೇಕು ಅನ್ನಿಸಿದಾಗ ಕೇಳಲು ನೀವಿರಿ. ಕೆಲವು ವಾರ ಕಳೆದರೂ ನಿದ್ದೆ ಬಾರದಿದ್ದರೆ ಮನೋವೈದ್ಯರ ಬಳಿ ಕಳುಹಿಸಿ.

ಪ್ರಶ್ನೆ: ನಾನು ಕೇರ್‌ಟೇಕರ್. ಎಷ್ಟು ವರ್ಷ ಮಾಡಿದರೂ ಇದೇ ಕೆಲಸ. ಬೆಳೆಯುವುದು ಹೇಗೆ?

ಇದು ನಿಮಗಿಂತ ನಿಮ್ಮನ್ನು ಇಟ್ಟುಕೊಂಡವರು ಕೇಳಬೇಕಾದ ಪ್ರಶ್ನೆ. ಒಂದು ಮಗು ತಿಂಡಿಯನ್ನು ದಿಂಬಿನ ಕೆಳಗೆ ಬಚ್ಚಿಡುತ್ತದೆ ಅಂತ ಗೊತ್ತಿರುವುದು ನಿಮಗೆ. ಆ ಮಗುವಿನ ಮುಂದಿನ ದಾರಿ ತೀರ್ಮಾನಿಸುವ ಸಭೆಯಲ್ಲಿ ಮಾತ್ರ ನಿಮಗೆ ಕುರ್ಚಿ ಇಲ್ಲ. ಆ ಕುರ್ಚಿ ಕೇಳಿ, ಬರವಣಿಗೆಯಲ್ಲೇ ಕೇಳಿ. ಹೊಸಬರಿಗೆ ಮೊದಲ ತಿಂಗಳು ಕೆಲಸ ಕಲಿಸುವ ಹೊಣೆಯನ್ನೂ ಕೇಳಿ, ಅದಕ್ಕೆ ಬೇರೆ ಹೆಸರು, ಬೇರೆ ಸಂಬಳ ಇರಲಿ. ‘ನೀವು ಇವರಿಗೆಲ್ಲ ತಾಯಿ ಇದ್ದ ಹಾಗೆ’ ಅಂತ ಹೊಗಳಿ ಕಳಿಸಿದರೆ ಒಪ್ಪಿಕೊಂಡು ಸುಮ್ನೆ ಬರಬೇಡಿ.

ಪ್ರಶ್ನೆ: ಸೂಪರ್‌ವಿಷನ್‌ನಲ್ಲಿ ಸಿಬ್ಬಂದಿ ಏನೇನು ಹೇಳಿಕೊಂಡರು ಅಂತ ಆಡಳಿತಕ್ಕೆ ವರದಿ ಬೇಕಲ್ವಾ?

ಬೇಡ. ಒಂದು ಸಲ ವರದಿ ಹೋಯಿತೋ, ಮುಂದಿನ ಸಲ ಎಲ್ಲರೂ ‘ಚೆನ್ನಾಗಿದ್ದೀವಿ’ ಅಂತ ಎದ್ದು ಹೋಗುತ್ತಾರೆ. ಮಗುವಿನ ಸುರಕ್ಷತೆಯ ವಿಷಯ ಬಂದರೆ ಮಾತ್ರ ಹೇಳಲೇಬೇಕು, ಮತ್ತು ಅದನ್ನು ಮೊದಲ ದಿನವೇ ಸಿಬ್ಬಂದಿಗೆ ತಿಳಿಸಿರಬೇಕು.