ಹೊಳೆ ದಂಡೆಯವರು ನಾಯಕರಿಂದ ಏನನ್ನು ಕೇಳಬೇಕು

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ಅಥಣಿ ಕಡೆಯ ಭಾಷಣಗಳಲ್ಲಿ ‘ಹವಾಮಾನ ಬದಲಾವಣೆ’ ಅನ್ನುವ ಮಾತು ಕೇಳುವುದು ಅಪರೂಪ. ನಮ್ಮಲ್ಲಿ ಅದಕ್ಕೆ ಮಹಾಪೂರ, ಬರ ಅಂತ ಹೆಸರು. 2019ರಲ್ಲಿ ಮತ್ತು 2021ರಲ್ಲಿ ಕೃಷ್ಣೆ ಊರೊಳಗೆ ನುಗ್ಗಿದಳು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಹಾಗಾಗಿ ನಾಯಕರು ಹವಾಮಾನದ ಬಗ್ಗೆ ಏನು ಮಾಡುತ್ತಾರೆ ಅಂತ ನೀವು ಕೇಳಿದರೆ, ನೀರಿನ ಲೆಕ್ಕದಿಂದಲೇ ಶುರು ಮಾಡಬೇಕಾಗುತ್ತದೆ.

ಮಳೆಗಾಲದಲ್ಲಿ ಬೆಳಗೆದ್ದರೆ ಎಲ್ಲರ ಬಾಯಲ್ಲೂ ಮೂರೇ ಅಂಕಿ: ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ (ಸೆಕೆಂಡಿಗೆ ಒಂದು ಘನ ಅಡಿ ನೀರು), ಕೃಷ್ಣೆಗೆ ಸೇರುವ ದೂಧಗಂಗೆಯಿಂದ ಎಷ್ಟು, ಎರಡೂ ಕೂಡಿ ಕಲ್ಲೋಳ ಹತ್ತಿರ ಎಷ್ಟು. ಆ ಮೊತ್ತ ಏರಿದಂತೆ ಕಲ್ಲೋಳ–ಯಡೂರ, ಕಾರದಗಾ–ಭೋಜ, ಮಲಿಕವಾಡ–ದತ್ತವಾಡದಂಥ ತಗ್ಗಿನ ಸೇತುವೆಗಳು ಮುಳುಗುತ್ತವೆ. ದಿನವಿಡೀ 11,500 ಕ್ಯೂಸೆಕ್ ಹರಿದರೆ ಸುಮಾರು ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. ಎರಡು ಲಕ್ಷ ಕ್ಯೂಸೆಕ್ ಅಂದರೆ ದಿನಕ್ಕೆ 17 ಟಿಎಂಸಿ.

ಮೇಲೆ ಕೋಯ್ನಾ ಜಲಾಶಯವಿದೆ, ಸುಮಾರು 105 ಟಿಎಂಸಿಯದ್ದು. ಅದು ಮಹಾರಾಷ್ಟ್ರದ್ದು, ಅದರ ಗೇಟಿನ ಮೇಲೆ ನಮ್ಮ ಶಾಸಕರಿಗೆ ಅಧಿಕಾರವಿಲ್ಲ. ‘ನೀರು ನಿಲ್ಲಿಸುತ್ತೇನೆ’ ಅನ್ನುವವರನ್ನು ನಂಬಬೇಡಿ. ಕೇಳಬೇಕಾದ್ದು ಬೇರೆ ಇದೆ. ಈಗ ಮಳೆ ನಾಲ್ಕೈದು ದಿನದಲ್ಲೇ ಸುರಿದು ಹೋಗುವುದು ಹೆಚ್ಚಾಗಿದೆ. ಜುಲೈ ನಡುವೆಯೇ ಜಲಾಶಯ ತುಂಬಿಸಿಟ್ಟರೆ ಆಗಸ್ಟಿನ ಮಳೆಗೆ ಒಳಗೆ ಜಾಗವೇ ಇರುವುದಿಲ್ಲ, ಬಂದ ನೀರೆಲ್ಲ ನೇರ ಹೊಳೆಗೆ. ಜಾಗ ಖಾಲಿ ಇಟ್ಟು ಮುಂದೆ ಮಳೆ ಕೈಕೊಟ್ಟರೆ ಕರೆಂಟಿಗೂ ಬೇಸಿಗೆಯ ನೀರಿಗೂ ತತ್ವಾರ, ಆ ದೂರು ಹೊರಲು ಯಾವ ಸರ್ಕಾರವೂ ಮುಂದೆ ಬರುವುದಿಲ್ಲ. ಆದ್ದರಿಂದ ಯಾವ ತಾರೀಖಿಗೆ ಎಷ್ಟು ಟಿಎಂಸಿ ಜಾಗ ಖಾಲಿ ಇಡಬೇಕು ಅಂತ ಎರಡೂ ರಾಜ್ಯದ ಜಲಸಂಪನ್ಮೂಲ ಸಚಿವರು ಮೇ ತಿಂಗಳಲ್ಲೇ ಕೂತು ಬರೆದುಕೊಳ್ಳಬೇಕು. ಆಗಸ್ಟಿನಲ್ಲಿ ದೋಣಿ ಹತ್ತಿ ಬರುವವರು ಮೇನಲ್ಲಿ ಎಲ್ಲಿದ್ದರು ಅಂತ ಕೇಳಿ.

ಕೃಷ್ಣೆಗೆ ಕೆಳಗಡೆ ನಮ್ಮ ರಾಜ್ಯ ಕಟ್ಟಿದ ಆಲಮಟ್ಟಿ ಅಣೆಕಟ್ಟಿನ ಜಗಳವನ್ನೂ ಇಲ್ಲೇ ಹೇಳಬೇಕು. ಮಹಾರಾಷ್ಟ್ರದ ಸಾಂಗಲಿ, ಕೊಲ್ಲಾಪುರ ಮುಳುಗಿದಾಗ ಅಲ್ಲಿನ ನಾಯಕರು ಆಲಮಟ್ಟಿಯ ಹಿನ್ನೀರಿನತ್ತ ಬೆರಳು ತೋರಿಸುತ್ತಾರೆ. 2019ರ ಮಹಾಪೂರದ ನಂತರ ಮಹಾರಾಷ್ಟ್ರವೇ ನೇಮಿಸಿದ್ದ ವಡ್ನೇರೆ ಸಮಿತಿ ಆಲಮಟ್ಟಿ ಕಾರಣವಲ್ಲ ಅಂದಿತ್ತು. ಎತ್ತರವನ್ನು 519.60 ಮೀಟರ್‌ನಿಂದ 524.256ಕ್ಕೆ ಏರಿಸುವ ಮಾತು ಬಂದಾಗಲೆಲ್ಲ ಈ ಜಗಳ ಮತ್ತೆ ಎದ್ದು ನಿಲ್ಲುತ್ತದೆ, ಮೇಲಿನ ಗೇಟುಗಳ ವೇಳಾಪಟ್ಟಿಯ ಮಾತು ಹಿಂದೆ ಬೀಳುತ್ತದೆ. ಎರಡೂ ರಾಜ್ಯದ ಜನರಿಗೆ ಇದರಿಂದ ಆಗುವ ಹಾನಿ ಒಂದೇ.

ಪರಿಹಾರದಲ್ಲಿ ಶಾಸಕರ ಕೈ ನಿಜವಾಗಿ ಓಡುತ್ತದೆ. 2022ರ ಕೇಂದ್ರದ ಮಾನದಂಡದಂತೆ ಶೇ 33 ಅಥವಾ ಹೆಚ್ಚು ಬೆಳೆ ಹಾಳಾದರೆ ಮಳೆಯಾಶ್ರಿತ ಹೊಲಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಅದೂ ಎರಡು ಹೆಕ್ಟೇರ್‌ವರೆಗೆ. ಹಣ ಸಿಕ್ಕಿಕೊಳ್ಳುವುದು ಉತಾರೆಯಲ್ಲಿ, ಅಂದರೆ ಪಹಣಿಯಲ್ಲಿ: ಹೊಲ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿರುತ್ತದೆ, ಲಾವಣಿಗೆ (ಗುತ್ತಿಗೆಗೆ) ಮಾಡುವವನ ಹೆಸರು ಎಲ್ಲೂ ಇರುವುದಿಲ್ಲ. ಬೇಸಿಗೆಯಲ್ಲಿ ಊರಿಗೇ ಬಂದು ಪೌತಿ ಖಾತೆ ಮಾಡಿಸುವ, ಅಂದರೆ ತೀರಿಹೋದವರ ಹೊಲ ವಾರಸುದಾರರ ಹೆಸರಿಗೆ ಮಾಡಿಸುವ ಶಾಸಕ ಮಹಾಪೂರದ ಅರ್ಧ ಕೆಲಸ ಮುಗಿಸಿದಂತೆ.

ಸ್ಥಳಾಂತರ ಮಾಡಿದ ಊರುಗಳಿಗೆ ಜನ ಯಾಕೆ ಹೋಗುವುದಿಲ್ಲ ಅಂತ ಹೊರಗಿನವರು ಕೇಳುತ್ತಾರೆ. ನಿವೇಶನ ಕೊಟ್ಟಿರುತ್ತಾರೆ, ಆದರೆ ಎಮ್ಮೆ ಕಟ್ಟಲು ಜಾಗವಿಲ್ಲ, ನಳದಲ್ಲಿ ನೀರಿಲ್ಲ, ಹಕ್ಕುಪತ್ರ ಕೈಗೆ ಬಂದಿಲ್ಲ, ಹೊಲ ನೋಡಿದರೆ ಹೊಳೆ ದಂಡೆಯಲ್ಲೇ ಉಳಿದಿದೆ. ನೀರು ಇಳಿದ ಮೇಲೆ ಹಳೇ ಮನೆಗೇ ಮರಳುತ್ತಾರೆ.

ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವಾಗ ನಮ್ಮ ಕಡೆಯ ಶಾಸಕರು ಹಾಕುವ ಚುಕ್ಕೆ ಗುರುತಿನ ಪ್ರಶ್ನೆಗಳನ್ನು (ಸಚಿವರು ಸದನದಲ್ಲೇ ಎದ್ದು ಉತ್ತರ ಕೊಡಬೇಕಾದವು) ತೆಗೆದು ನೋಡಿ. ಎಷ್ಟು ಹಕ್ಕುಪತ್ರ ಬಾಕಿ, ಯಾವ ಸೇತುವೆ ಎಷ್ಟು ಎತ್ತರಿಸುತ್ತೀರಿ, ಮಹಾರಾಷ್ಟ್ರದ ಜೊತೆ ಕಡೆಯ ಸಭೆ ಯಾವಾಗ ಆಯಿತು ಅಂತ ಯಾರು ಕೇಳಿದ್ದಾರೆ, ಯಾರು ಕೇಳಿಲ್ಲ ಅನ್ನುವುದು ಅಲ್ಲಿ ಸಿಗುತ್ತದೆ.