ಬಹುಭಾಷಿಕ ಮನೆಯ ಕಿವುಡ ಮಗು: ಅಮೆರಿಕದಿಂದ ಬಂದ ಮೂರು ಪ್ರಶ್ನೆಗಳು

ಪ್ರಶ್ನೆ: ನಾನು ಮೂಲತಃ ಹಾಸನ ಜಿಲ್ಲೆಯವಳು. ಟೆಕ್ಸಾಸ್‌ನ ಸರ್ಕಾರಿ ಶಾಲೆಯೊಂದರಲ್ಲಿ ಕಿವುಡ ಮಕ್ಕಳ ವಿಭಾಗದ ಶಿಕ್ಷಕಿ. ಈ ವರ್ಷ ಗ್ವಾಟೆಮಾಲಾದಿಂದ ಬಂದ ಕುಟುಂಬದ ಒಂಬತ್ತು ವರ್ಷದ ಹುಡುಗನೊಬ್ಬ ನಮ್ಮಲ್ಲಿ ಸೇರಿದ್ದಾನೆ. ಊರಿನಲ್ಲಿ ಶಾಲೆಗೆ ಹೋಗಿಲ್ಲ, ಶ್ರವಣ ಸಾಧನ ಸಿಕ್ಕಿದ್ದು ಈಗ. ಮನೆಯವರೊಂದಿಗೆ ತಾನೇ ಕಟ್ಟಿಕೊಂಡ ಸನ್ನೆಗಳಲ್ಲಿ ಮಾತನಾಡುತ್ತಾನೆ. ನಾವು ಸ್ಪ್ಯಾನಿಷ್‌ನಲ್ಲಿ ಕಳಿಸಿದ ಪತ್ರಗಳಿಗೆ ತಾಯಿ ಉತ್ತರಿಸುವುದಿಲ್ಲ. ಸಭೆಗಳಿಗೆ ಬಂದಾಗ ಹನ್ನೆರಡು ವರ್ಷದ ಅಕ್ಕನೇ ದುಭಾಷಿ. ಹುಡುಗನಿಗೆ ಬುದ್ಧಿಮಾಂದ್ಯತೆಯೂ ಇರಬಹುದು ಎಂದು ಕೆಲವು ಸಹೋದ್ಯೋಗಿಗಳು ಹೇಳುತ್ತಿದ್ದಾರೆ. ಇಷ್ಟೊಂದು ಭಾಷೆಗಳ ನಡುವೆ ಎಲ್ಲಿಂದ ಆರಂಭಿಸಲಿ?

ಉತ್ತರ: ತಾಯಿಯಿಂದ ಆರಂಭಿಸಿ. ಅವರು ಉತ್ತರಿಸದಿರುವುದನ್ನು ನಿರಾಸಕ್ತಿ ಎಂದು ತಿಳಿಯುವ ಮೊದಲು, ಅವರ ಮನೆಮಾತು ಯಾವುದೆಂದು ಕೇಳಿ ನೋಡಿ. ಗ್ವಾಟೆಮಾಲಾದ ಬೆಟ್ಟಸೀಮೆಯಿಂದ ಬರುವ ಅನೇಕ ಕುಟುಂಬಗಳ ಮನೆಮಾತು ಮಾಮ್, ಕಿಚೆ ಮೊದಲಾದ ಮಾಯಾ ಭಾಷೆಗಳು. ಅವರಿಗೆ ಸ್ಪ್ಯಾನಿಷ್ ಸಂತೆಯಲ್ಲೂ ಕಚೇರಿಯಲ್ಲೂ ಬಳಸುವ ಎರಡನೆಯ ಭಾಷೆ, ಓದು ಬರಹದ ಮಟ್ಟಿಗೆ ಕೆಲವೊಮ್ಮೆ ಅದೂ ಅಲ್ಲ. ದಾಖಲಾತಿ ಅರ್ಜಿಯಲ್ಲಿ ‘ಹಿಸ್ಪಾನಿಕ್’, ಅಂದರೆ ಸ್ಪ್ಯಾನಿಷ್ ಭಾಷಿಕ ದೇಶಗಳ ಮೂಲದವರು, ಎಂದು ಗುರುತು ಹಾಕಿದ ಕೂಡಲೇ ಸ್ಪ್ಯಾನಿಷ್ ಪತ್ರ ಕಳಿಸುವುದು, ಕರ್ನಾಟಕದಿಂದ ಬಂದವರೆಂಬ ಒಂದೇ ಕಾರಣಕ್ಕೆ ತಾಂಡಾದ ಅಜ್ಜಿಗೆ ಕನ್ನಡದಲ್ಲಿ ನೋಟಿಸ್ ಕಳಿಸಿ ಕೈತೊಳೆದುಕೊಂಡಂತೆ. ಈ ಭಾಷೆಗಳಿಗೆ ದೂರವಾಣಿಯ ಮೂಲಕ ದುಭಾಷಿಗಳು ದೊರೆಯುತ್ತಾರೆ; ಶಾಲೆಗಳ ಸ್ಥಳೀಯ ಆಡಳಿತವಾದ ಶಾಲಾ ಜಿಲ್ಲೆಯ ಕಚೇರಿಯನ್ನು ಕೇಳಿ.

ಇದು ಶಾಲೆಯ ಔದಾರ್ಯಕ್ಕೆ ಬಿಟ್ಟ ವಿಷಯವಲ್ಲ. 1975ರಲ್ಲಿ ಅಂಗೀಕಾರಗೊಂಡು, 1990ರಲ್ಲಿ ಈಗಿನ ಹೆಸರು ಪಡೆದು, 2004ರಲ್ಲಿ ತಿದ್ದುಪಡಿಯಾದ ಅಂಗವಿಕಲ ಮಕ್ಕಳ ಶಿಕ್ಷಣ ಕಾಯ್ದೆ ‘ಐಡಿಇಎ’ ಮತ್ತು ಅದರ ನಿಯಮಗಳ ಪ್ರಕಾರ, ಮಗುವಿನ ವೈಯಕ್ತಿಕ ಶಿಕ್ಷಣ ಯೋಜನೆಯ ಸಭೆಯಲ್ಲಿ, ಅಂದರೆ ನಿಮ್ಮ ಟೆಕ್ಸಾಸ್‌ನವರು ‘ಆರ್ಡ್’ ಎಂದು ಕರೆಯುವ ಸಭೆಯಲ್ಲಿ, ನಡೆಯುವುದೆಲ್ಲವೂ ಪೋಷಕರಿಗೆ ಅರ್ಥವಾಗುವಂತೆ ದುಭಾಷಿಯನ್ನು ಒದಗಿಸಬೇಕಾದದ್ದು ಶಾಲೆಯ ಹೊಣೆ. ಅಕ್ಕನನ್ನು ಆ ಕುರ್ಚಿಯಿಂದ ಇಂದೇ ಎಬ್ಬಿಸಿ. ತಮ್ಮನಿಗೆ ಬುದ್ಧಿ ಕಡಿಮೆ ಎಂದು ದೊಡ್ಡವರು ಹೇಳುವುದನ್ನು ಹನ್ನೆರಡು ವರ್ಷದ ಹುಡುಗಿ ತಾಯಿಗೆ ಹೇಳಬೇಕಾಗಿ ಬರುವುದು ಕ್ರೌರ್ಯ. ಅವಳು ಅದನ್ನು ಮೃದುಗೊಳಿಸಿ ಹೇಳಿದರೆ ಅಥವಾ ಹೇಳದೇ ಬಿಟ್ಟರೆ, ತಾಯಿ ಹಾಕಿದ ಸಹಿಗೆ ಅರ್ಥವೂ ಇರುವುದಿಲ್ಲ. ಕಾಗದಪತ್ರಗಳ ಭಯದಿಂದ ಸಭೆಗೇ ಬಾರದ ಪೋಷಕರೂ ಇದ್ದಾರೆ. ವಲಸೆಯ ಸ್ಥಿತಿ ಏನೇ ಇದ್ದರೂ ಮಕ್ಕಳನ್ನು ಸರ್ಕಾರಿ ಶಾಲೆಯಿಂದ ಹೊರಗಿಡುವಂತಿಲ್ಲ ಎಂದು 1982ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು ನಿಮ್ಮ ಟೆಕ್ಸಾಸ್‌ನದೇ ಪ್ರಕರಣದಲ್ಲಿ, ಪ್ಲೈಲರ್ ವಿರುದ್ಧ ಡೋ ಮೊಕದ್ದಮೆಯಲ್ಲಿ. ಇದನ್ನು ತಾಯಿಗೆ ಅವರ ಭಾಷೆಯಲ್ಲಿ ಒಮ್ಮೆ ಸ್ಪಷ್ಟವಾಗಿ ಹೇಳಿಸಿ.

ಇನ್ನು ಬುದ್ಧಿಮಾಂದ್ಯತೆಯ ಮಾತು. ಒಂಬತ್ತು ವರ್ಷ ಯಾವ ಭಾಷೆಯೂ ಪೂರ್ತಿಯಾಗಿ ಕೈಗೆಟುಕದೆ ಬೆಳೆದ ಮಗುವಿಗೆ ನಿನ್ನೆ, ನಾಳೆ, ಏಕೆ, ಒಂದು ವೇಳೆ ಎಂಬಂಥ ಪರಿಕಲ್ಪನೆಗಳು ತಡವಾಗಿ ಒದಗುತ್ತವೆ. ಲೆಕ್ಕವೂ ಕಥೆಯ ಕ್ರಮವೂ ತೊಡಕಾಗುತ್ತವೆ. ಹೊರಗಿನಿಂದ ನೋಡುವವರಿಗೆ ಇದು ಬೌದ್ಧಿಕ ನ್ಯೂನತೆಯಂತೆಯೇ ಕಾಣುತ್ತದೆ. ಆದರೆ ಇದಕ್ಕೆ ಕಾರಣ ಭಾಷೆಯಿಂದ ವಂಚಿತವಾಗಿ ಬೆಳೆದದ್ದು, ಮತ್ತು ಅದರ ಪರಿಹಾರದ ದಾರಿ ಸಂಪೂರ್ಣ ಬೇರೆ. ಮೌಲ್ಯಮಾಪನ ಮಗು ಬಳಸುವ ಸಂವಹನ ಕ್ರಮದಲ್ಲೇ ನಡೆಯಬೇಕೆಂದು ಕಾಯ್ದೆ ಹೇಳುತ್ತದೆ. ಪಾಠ ಸಿಗದಿದ್ದುದು ಅಥವಾ ಇಂಗ್ಲಿಷ್ ಬಾರದಿರುವುದು ತೊಂದರೆಯ ಮುಖ್ಯ ಕಾರಣವಾಗಿದ್ದರೆ, ಅದನ್ನೇ ಅಂಗವೈಕಲ್ಯವೆಂದು ಗುರುತಿಸುವಂತಿಲ್ಲ ಎಂದೂ ಹೇಳುತ್ತದೆ. ಈ ಹುಡುಗನಿಗೆ ಕಿವುಡುತನದ ಆಧಾರದ ಮೇಲೆ ಸೇವೆಗಳು ಹೇಗೂ ಸಿಗುತ್ತವೆ. ಎರಡನೆಯ ಹಣೆಪಟ್ಟಿಗೆ ಅವಸರವಿಲ್ಲ. ಮಾತಿನ ಅವಲಂಬನೆ ಇಲ್ಲದ ಬುದ್ಧಿಪರೀಕ್ಷೆಯನ್ನು, ಕಿವುಡ ಮಕ್ಕಳೊಂದಿಗೆ ಕೆಲಸ ಮಾಡಿ ಅನುಭವವಿರುವ ಮನೋವಿಜ್ಞಾನಿಯಿಂದಲೇ ಮಾಡಿಸಿ. ಕೋಣೆಯಲ್ಲಿ ಕಿವುಡ ವಯಸ್ಕರೊಬ್ಬರು ಇದ್ದರೆ ಇನ್ನೂ ಒಳ್ಳೆಯದು. ಮನೆಯ ಸನ್ನೆಗಳಲ್ಲಿ ಹುಡುಗ ಏನೇನು ಹೇಳಬಲ್ಲ ಎಂಬುದು ಕೇಳಿಸಿಕೊಳ್ಳುವ ನಮಗಿಂತ ಅವರ ಕಣ್ಣಿಗೆ ಬೇಗ ಬೀಳುತ್ತದೆ.

ಭಾಷೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಅಮೆರಿಕನ್ ಸನ್ನೆ ಭಾಷೆಯನ್ನು, ಅಂದರೆ ಎಎಸ್‌ಎಲ್ ಅನ್ನು, ಈ ವಾರವೇ ಆರಂಭಿಸಿ. ಶ್ರವಣ ಸಾಧನ ಎಷ್ಟು ಫಲ ಕೊಡುತ್ತದೆ ನೋಡೋಣ ಎಂದು ಕಾಯುವುದಕ್ಕೆ ಒಂಬತ್ತನೆಯ ವಯಸ್ಸಿನಲ್ಲಿ ಅವಕಾಶವಿಲ್ಲ. ಗ್ವಾಟೆಮಾಲಾಕ್ಕೆ ತನ್ನದೇ ಸನ್ನೆ ಭಾಷೆಯಿದೆ, ಆದರೆ ನಿಮ್ಮ ಹುಡುಗನಿಗೆ ಅದರ ಪರಿಚಯವಾದಂತಿಲ್ಲ. ಆದ್ದರಿಂದ ಎಎಸ್‌ಎಲ್ ಅವನಿಂದ ಯಾವುದನ್ನೂ ಕಸಿದುಕೊಳ್ಳುವುದಿಲ್ಲ. ಮೆಕ್ಸಿಕೊದಲ್ಲಿ ಕಿವುಡರ ಶಾಲೆಗೆ ಹೋಗಿ ಬಂದ ಮಗುವಾಗಿದ್ದರೆ ಮಾತು ಬೇರೆ. ಅಂಥ ಮಗುವಿಗೆ ಮೆಕ್ಸಿಕನ್ ಸನ್ನೆ ಭಾಷೆ ಈಗಾಗಲೇ ಗಟ್ಟಿಯಾದ ಮೊದಲ ಭಾಷೆ. 2005ರಿಂದ ಅದು ಆ ದೇಶದಲ್ಲಿ ಕಾನೂನಿನ ಮನ್ನಣೆ ಪಡೆದ ರಾಷ್ಟ್ರೀಯ ಭಾಷೆಯೂ ಹೌದು. ಅಂಥ ಮಕ್ಕಳಿಗೆ ‘ಭಾಷೆ ಇಲ್ಲ’ ಎಂದು ಬರೆದ ವರದಿಗಳನ್ನು ನಾನು ಕಂಡಿದ್ದೇನೆ. ಬರೆದವರಿಗೆ ಆ ಭಾಷೆ ಗೊತ್ತಿರಲಿಲ್ಲ, ಅಷ್ಟೇ. ಎರಡೂ ಸನ್ನೆ ಭಾಷೆಗಳ ಬೇರುಗಳು ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಕಿವುಡ ಶಿಕ್ಷಕರವರೆಗೆ ಹೋಗುತ್ತವೆ: ಅಮೆರಿಕದಲ್ಲಿ 1817ರ ಹಾರ್ಟ್‌ಫರ್ಡ್ ಶಾಲೆಗೆ ಬಂದ ಲೊರಾಂ ಕ್ಲೆರ್, ಮೆಕ್ಸಿಕೊದಲ್ಲಿ 1860ರ ದಶಕದಲ್ಲಿ ಬಂದ ಎಡ್ವರ್ಡೊ ಹುವೆಟ್. ಎಎಸ್‌ಎಲ್‌ನಲ್ಲಿ ಇಂದು ಬಳಸುವ ಒಂದೇ ಕೈಯ ಬೆರಳಕ್ಷರಗಳಂತೂ 1620ರಲ್ಲಿ ಮ್ಯಾಡ್ರಿಡ್‌ನಲ್ಲಿ ಹ್ವಾನ್ ಪಾಬ್ಲೊ ಬೊನೆಟ್ ಅಚ್ಚು ಹಾಕಿಸಿದ ಅಕ್ಷರಗಳಿಂದ ಫ್ರಾನ್ಸಿನ ಮೂಲಕ ಬಂದವು. ಸ್ಪ್ಯಾನಿಷ್ ಮನೆಗಳ ಅಜ್ಜ ಅಜ್ಜಿಯರಿಗೆ ಇದನ್ನು ಹೇಳಿದರೆ ‘ಅಮೆರಿಕದವರ ಕೈಸನ್ನೆ’ ಎಂಬ ಅನುಮಾನ ಸ್ವಲ್ಪ ಸಡಿಲವಾಗುತ್ತದೆ.

ಹುಡುಗನ ಮನೆಸನ್ನೆಗಳನ್ನು ತಿದ್ದಬೇಡಿ, ಕಲಿಯಿರಿ. ಅವನು ತಿಂಡಿಗೆ, ಮಳೆಗೆ, ತಂದೆಗೆ ಬಳಸುವ ಸನ್ನೆಯನ್ನು ಹಿಡಿದು ಅದರ ಪಕ್ಕದಲ್ಲಿ ಎಎಸ್‌ಎಲ್ ಸನ್ನೆಯನ್ನು ಇಡಿ.

ಮುಂದಿನದು ಬಹುತೇಕ ಶಾಲೆಗಳು ಎಡವುವ ಜಾಗ. ಕಿವುಡ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಹುಟ್ಟುವುದು ಕಿವಿ ಕೇಳಿಸುವ ತಂದೆ ತಾಯಿಯರಿಗೆ. ಹಾಗಾಗಿ ಸನ್ನೆ ಭಾಷೆ ಶಾಲೆಯಲ್ಲಿ ಬೆಳೆದು ಮನೆಗೆ ತಲುಪದಿದ್ದರೆ, ಹುಡುಗ ಬೆಳೆದಷ್ಟೂ ಊಟದ ಹೊತ್ತಿನ ಮಾತಿನಿಂದ ಹೊರಗುಳಿಯುತ್ತಾನೆ. ಶಾಲಾ ಜಿಲ್ಲೆಗಳು ಪೋಷಕರಿಗೆ ಸಾಮಾನ್ಯವಾಗಿ ಎಎಸ್‌ಎಲ್ ತರಗತಿ ನಡೆಸುತ್ತವೆ, ಆದರೆ ಇಂಗ್ಲಿಷ್ ಮೂಲಕ ನಡೆಸುತ್ತವೆ. ಇಂಗ್ಲಿಷ್ ಬಾರದ ತಾಯಿಗೆ ಅದು ಎರಡು ಭಾಷೆಗಳನ್ನು ಒಟ್ಟಿಗೆ ಕಲಿಯುವ ಶಿಕ್ಷೆ. ಪೋಷಕರ ತರಬೇತಿಯನ್ನು ಐಡಿಇಎ ‘ಸಂಬಂಧಿತ ಸೇವೆ’ಯಾಗಿ, ಅಂದರೆ ಪಾಠದ ಜೊತೆಗೆ ಒದಗಿಸುವ ನೆರವಾಗಿ, ಗುರುತಿಸಿರುವುದರಿಂದ ಅದನ್ನು ಶಿಕ್ಷಣ ಯೋಜನೆಯಲ್ಲೇ ಬರೆಸಬಹುದು. ಬರೆಸುವಾಗ ‘ಕುಟುಂಬದ ಭಾಷೆಯ ಮೂಲಕ, ಮನೆಗೆ ಹೊಂದುವ ಸಮಯದಲ್ಲಿ’ ಎಂಬ ಮಾತೂ ಸೇರಲಿ. ಕಿವುಡರಿಗಾಗಿಯೇ ಇರುವ ಗ್ಯಾಲೊಡೆಟ್ ವಿಶ್ವವಿದ್ಯಾಲಯದ 2009-10ರ ರಾಷ್ಟ್ರೀಯ ಸಮೀಕ್ಷೆಯಲ್ಲಿಯೇ ಕಿವುಡ ವಿದ್ಯಾರ್ಥಿಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮಂದಿ ಹಿಸ್ಪಾನಿಕ್ ಕುಟುಂಬದವರಾಗಿದ್ದರು. ಇದು ಅಪರೂಪದ ಬೇಡಿಕೆ ಎಂಬ ನೆವಕ್ಕೆ ಆಧಾರವಿಲ್ಲ.

ಆಡಳಿತ ಕೇಳದಿದ್ದರೆ ಮಿಗೆಲ್ ಪೆರೆಜ್ ಪ್ರಕರಣವನ್ನು ನೆನಪಿಸಿ. ಮೆಕ್ಸಿಕೊದಿಂದ ವಲಸೆ ಬಂದ ಈ ಕಿವುಡ ವಿದ್ಯಾರ್ಥಿ ಮಿಷಿಗನ್‌ನ ಸ್ಟರ್ಜಿಸ್ ಜಿಲ್ಲೆಯ ಶಾಲೆಗಳಲ್ಲಿ ಒಂಬತ್ತರಿಂದ ಇಪ್ಪತ್ತನೆಯ ವಯಸ್ಸಿನವರೆಗೆ ಓದಿದರು. ಒದಗಿಸಿದ ಸಹಾಯಕರಲ್ಲಿ ಕೆಲವರಿಗೆ ಅರ್ಹತೆ ಇರಲಿಲ್ಲ, ಒಬ್ಬರು ಸನ್ನೆ ಭಾಷೆಯನ್ನು ತಾವೇ ಕಲಿತುಕೊಳ್ಳಲು ನೋಡಿದವರು, ಅಂಕಗಳನ್ನು ಹಿಗ್ಗಿಸಿ ತರಗತಿಯಿಂದ ತರಗತಿಗೆ ದಾಟಿಸಲಾಯಿತು ಎಂಬುದು ಅವರ ದೂರು. ಪ್ರೌಢಶಾಲೆಯ ಡಿಪ್ಲೊಮಾ ಸಿಗುವುದಿಲ್ಲವೆಂಬ ಸಂಗತಿ ಅವರಿಗೂ ಪೋಷಕರಿಗೂ ಗೊತ್ತಾದದ್ದು ಶಾಲೆ ಮುಗಿಯಲು ಕೆಲವೇ ತಿಂಗಳಿದ್ದಾಗ. ಐಡಿಇಎ ಅಡಿಯ ದೂರು ರಾಜಿಯಲ್ಲಿ ಮುಗಿದಿದ್ದರೂ, ಅಂಗವಿಕಲರ ಹಕ್ಕುಗಳ ಇನ್ನೊಂದು ಕಾಯ್ದೆಯಡಿ ಹಣದ ಪರಿಹಾರ ಕೋರಿ ಮೊಕದ್ದಮೆ ಹೂಡುವುದಕ್ಕೆ ಅದು ಅಡ್ಡಿಯಲ್ಲವೆಂದು 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ಹೇಳಿತು. ಈ ತೀರ್ಪಿನ ಬಳಿಕ, ಕಿವುಡ ಮಗುವಿನ ಪೋಷಕರನ್ನು ಕತ್ತಲಲ್ಲಿಡುವುದು ಶಾಲಾ ಜಿಲ್ಲೆಗಳ ಹಣದ ಚೀಲಕ್ಕೂ ತಾಗುವ ವಿಷಯ.

ಒಂದು ಸಣ್ಣ ಮಾತು ಉಳಿಯಿತು. ಹುಡುಗ ವಿಶೇಷ ಶಿಕ್ಷಣದಲ್ಲಿದ್ದಾನೆಂದು ಇಂಗ್ಲಿಷ್ ಕಲಿಯುವವರಿಗೆ ಸಲ್ಲುವ ನೆರವನ್ನು ಕೈಬಿಡುವಂತಿಲ್ಲ. ಅಂಥ ಮಕ್ಕಳಿಗೆ ಪ್ರತಿವರ್ಷ ನಡೆಸುವ ಇಂಗ್ಲಿಷ್ ಪರೀಕ್ಷೆಯ ಮಾತು, ಆಲಿಸುವಿಕೆ ಮೊದಲಾದ ಭಾಗಗಳಲ್ಲಿ ಕಿವುಡುತನದಿಂದಾಗಿ ಅಳೆಯಲು ಸಾಧ್ಯವೇ ಇಲ್ಲದ್ದನ್ನು ಬಿಟ್ಟು, ಉಳಿದವುಗಳ ಆಧಾರದ ಮೇಲೆ ನಿರ್ಣಯಿಸಲು ಒಕ್ಕೂಟದ ನಿಯಮದಲ್ಲೇ ದಾರಿಯಿದೆ. ಆರ್ಡ್ ಸಮಿತಿಯೂ ಇಂಗ್ಲಿಷ್ ಕಲಿಯುವವರ ನೆರವನ್ನು ನೋಡಿಕೊಳ್ಳುವ ಶಾಲೆಯ ಭಾಷಾ ಸಮಿತಿಯೂ ಒಟ್ಟಿಗೆ ಕೂತು ಇದನ್ನು ನಿರ್ಧರಿಸಲಿ.

ಪ್ರಶ್ನೆ: ನಾವು ನ್ಯೂ ಜೆರ್ಸಿಯಲ್ಲಿದ್ದೇವೆ. ಮಗಳಿಗೆ ಎರಡೂವರೆ ವರ್ಷ, ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆಯಿಂದ ಒಳಗಿವಿಗೆ ಅಳವಡಿಸುವ ಶ್ರವಣ ಸಾಧನ) ಆಗಿ ಒಂದು ವರ್ಷವಾಯಿತು. ನಾನು ಕನ್ನಡ, ನನ್ನವರ ಮನೆಯಲ್ಲಿ ತುಳು. ಮನೆಯಲ್ಲೂ ಇಂಗ್ಲಿಷ್ ಒಂದನ್ನೇ ಆಡಿ, ಇಲ್ಲದಿದ್ದರೆ ಮಗು ಗೊಂದಲಕ್ಕೆ ಬೀಳುತ್ತದೆ ಎಂದು ಥೆರಪಿಸ್ಟ್ ಹೇಳಿದ್ದಾರೆ. ಅತ್ತೆಯವರು ವೀಡಿಯೊ ಕರೆಯಲ್ಲಿ ಮಾತನಾಡಿಸುವುದನ್ನೇ ಬಿಟ್ಟಿದ್ದಾರೆ. ಇದು ಸರಿಯೇ?

ಉತ್ತರ: ಸರಿಯಲ್ಲ. ಈ ಸಲಹೆ ಹಳೆಯದು, ಮತ್ತು ಸ್ಪ್ಯಾನಿಷ್ ಮನೆಗಳಲ್ಲಿ ಅದು ಈಗಾಗಲೇ ಸಾಕಷ್ಟು ಹಾನಿ ಮಾಡಿದೆ. ಹ್ಯೂಸ್ಟನ್ ವಿಶ್ವವಿದ್ಯಾಲಯದ ಫೆರೆಂಕ್ ಬುಂಟಾ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಇಂಪ್ಲಾಂಟ್ ಅಥವಾ ಶ್ರವಣ ಸಾಧನ ಬಳಸುವ ಸ್ಪ್ಯಾನಿಷ್ ಮನೆಮಾತಿನ ಮಕ್ಕಳಲ್ಲಿ ಇಂಗ್ಲಿಷ್ ನೆರವನ್ನಷ್ಟೇ ಪಡೆದವರನ್ನೂ ಎರಡೂ ಭಾಷೆಗಳಲ್ಲಿ ನೆರವು ಪಡೆದವರನ್ನೂ ಹೋಲಿಸಿತು. ಎರಡು ಭಾಷೆಗಳ ನೆರವು ಪಡೆದವರು ಹಿಂದುಳಿಯಲಿಲ್ಲ. ಒಟ್ಟಾರೆ ಭಾಷೆಯಲ್ಲೂ ಅಭಿವ್ಯಕ್ತಿಯಲ್ಲೂ ಮುಂದಿದ್ದರು. ಮಕ್ಕಳ ಸಂಖ್ಯೆ ಚಿಕ್ಕದು, ಅದೊಂದರಿಂದಲೇ ಎಲ್ಲವೂ ಸಿದ್ಧವಾಯಿತೆನ್ನಲಾಗದು. ಆದರೆ ಮನೆಮಾತನ್ನು ನಿಲ್ಲಿಸಿದರೆ ಇಂಗ್ಲಿಷ್ ಹೆಚ್ಚುತ್ತದೆಂಬ ನಂಬಿಕೆಗೆ ಅಷ್ಟು ಆಧಾರವೂ ಇಲ್ಲ.

ಕಾರಣ ಸರಳ. ಇಂಪ್ಲಾಂಟ್ ಆದ ಮಗುವಿಗೆ ಬೇಕಾದದ್ದು ಹತ್ತಿರದಿಂದ, ಮುಖ ನೋಡಿ, ದಿನವಿಡೀ ಆಡುವ ಸಮೃದ್ಧವಾದ ಮಾತು. ನೀವು ಕನ್ನಡದಲ್ಲಿ ಗದರಬಲ್ಲಿರಿ, ಮುದ್ದಿಸಬಲ್ಲಿರಿ, ಸಾರಿಗೆ ಒಗ್ಗರಣೆ ಹಾಕುತ್ತಾ ಕಥೆ ಕಟ್ಟಬಲ್ಲಿರಿ. ಎಣಿಸಿ ಆಡುವ ಇಂಗ್ಲಿಷ್‌ನಲ್ಲಿ ಆ ಮಾತು ಅರ್ಧಕ್ಕಿಳಿಯುತ್ತದೆ, ಮಗುವಿಗೆ ಸಿಗುವುದು ತೆಳುವಾದ ಆಜ್ಞೆಗಳು ಮಾತ್ರ. ಅತ್ತೆಯವರು ತುಳುವಿನಲ್ಲೇ ಮಾತನಾಡಲಿ. ವೀಡಿಯೊ ಕರೆಯಲ್ಲಿ ಮುಖ ಬೆಳಕಿಗಿರಲಿ, ಹಿಂದೆ ಟಿವಿ ಸದ್ದು ಬೇಡ, ಸಾಧ್ಯವಾದರೆ ಫೋನಿನ ಧ್ವನಿ ನೇರವಾಗಿ ಇಂಪ್ಲಾಂಟ್‌ಗೆ ಹೋಗುವಂತೆ ಜೋಡಿಸಿಕೊಳ್ಳಿ.

ಇಂಪ್ಲಾಂಟ್ ಇದ್ದೂ ಸನ್ನೆ ಭಾಷೆ ಬೇಕೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಬೇಕು. ಸ್ನಾನದಲ್ಲಿ, ಈಜಿನಲ್ಲಿ, ಬ್ಯಾಟರಿ ಮುಗಿದ ರಾತ್ರಿಯಲ್ಲಿ ಅವಳು ಕಿವುಡಳೇ, ಮತ್ತು ಇಂಪ್ಲಾಂಟ್‌ನ ಫಲ ಎಲ್ಲ ಮಕ್ಕಳಲ್ಲಿ ಒಂದೇ ಅಲ್ಲ. ಮೂರು ತುಂಬಿದಾಗ ಶಿಶು ಸೇವೆಯಿಂದ ಶಾಲಾ ಜಿಲ್ಲೆಯ ಹೊಣೆಗೆ ಅವಳು ವರ್ಗವಾಗುತ್ತಾಳೆ. ಆ ಸಭೆಗೆ ಹೋಗುವ ಮುನ್ನ ಅವಳಿಗೆ ಕನ್ನಡದಲ್ಲಿ ಎಷ್ಟು ಪದ ಬರುತ್ತವೆ, ತುಳುವಿನಲ್ಲಿ ಎಷ್ಟು ಎಂದು ಬರೆದಿಟ್ಟುಕೊಳ್ಳಿ. ಇಂಗ್ಲಿಷ್ ಪದಗಳನ್ನು ಮಾತ್ರ ಎಣಿಸಿದ ವರದಿ ಮಗುವಿನ ಅರ್ಧವನ್ನೇ ಅಳೆದಿರುತ್ತದೆ. ರಜೆಗೆ ಊರಿಗೆ ಬಂದಾಗ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದ ಮೌಲ್ಯಮಾಪನ ಮಾಡಿಸಿದರೆ ಆ ವರದಿ ಅಲ್ಲಿನ ಸಭೆಯಲ್ಲಿ ನಿಮ್ಮ ಕೈ ಬಲಪಡಿಸುತ್ತದೆ.

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದಲ್ಲಿ ಶಾಲಾ ಸಲಹೆಗಾರ. ಮೆಕ್ಸಿಕನ್ ಕುಟುಂಬದ ಹದಿನಾಲ್ಕರ ಕಿವುಡ ವಿದ್ಯಾರ್ಥಿನಿಯೊಬ್ಬಳು ಎಎಸ್‌ಎಲ್‌ನಲ್ಲಿ ನಿಷ್ಣಾತೆ, ಇಂಗ್ಲಿಷ್ ಓದು ಸಾಧಾರಣ. ಅವಳಿಗೆ ಸ್ಪ್ಯಾನಿಷ್ ಓದಲು ಬರೆಯಲು ಕಲಿಯಬೇಕಂತೆ, ಅಜ್ಜಿಗೆ ವಾಟ್ಸ್ಆ್ಯಪ್ ಮಾಡುವುದಕ್ಕೆ. ಇಂಗ್ಲಿಷೇ ನೆಟ್ಟಗಿಲ್ಲ, ಮೂರನೆಯದೇಕೆ ಎಂದು ಶಿಕ್ಷಕರ ತಕರಾರು.

ಉತ್ತರ: ಬರೆಯುವುದಕ್ಕೆ ನಿಜವಾದ ಕಾರಣವೂ ಓದುವುದಕ್ಕೆ ನಿಜವಾದ ಮನುಷ್ಯರೂ ಸಿಕ್ಕಿದ ಹದಿನಾಲ್ಕರ ಹುಡುಗಿಯನ್ನು ತಡೆಯುವುದು ನನಗೆ ಅರ್ಥವಾಗದ ವಿಷಯ. ಕಿವಿಯಿಂದ ಇಂಗ್ಲಿಷ್ ಕಲಿಯದ ಅವಳಿಗೆ ಎರಡೂ ಭಾಷೆಗಳು ಕಣ್ಣಿನ ಮೂಲಕವೇ ಬರಬೇಕು. ಎಎಸ್‌ಎಲ್ ಗಟ್ಟಿಯಾಗಿದ್ದರೆ ವ್ಯಾಕರಣವನ್ನು ಆ ಭಾಷೆಯಲ್ಲಿ ವಿವರಿಸಿ ಎರಡನ್ನೂ ಹೋಲಿಸಬಹುದು. ಹಾಗೆ ಹೋಲಿಸುವಾಗ ಇಂಗ್ಲಿಷ್‌ನ ಕಾಲರೂಪಗಳೂ ಅವಳಿಗೆ ಹೆಚ್ಚು ಸ್ಪಷ್ಟವಾಗುವ ಸಂಭವವಿದೆ. ಸಾಮಾನ್ಯ ಸ್ಪ್ಯಾನಿಷ್ ತರಗತಿಗೆ ಕಳಿಸಿದರೆ ಆಲಿಸುವ ಪರೀಕ್ಷೆಗಳ ಬದಲು ಬರಹದ ಕೆಲಸ ಕೇಳಿ. ಇಂಗ್ಲಿಷ್, ಸ್ಪ್ಯಾನಿಷ್, ಎಎಸ್‌ಎಲ್ ಮೂರೂ ಬಲ್ಲ ದುಭಾಷಿ ಬೇಕೆಂದು ಅವಳ ಶಿಕ್ಷಣ ಯೋಜನೆಯಲ್ಲಿ ಬರೆಸಿ, ಏಕೆಂದರೆ ಸ್ಪ್ಯಾನಿಷ್ ಬಾರದ ದುಭಾಷಿ ಆ ತರಗತಿಯಲ್ಲಿ ಪದಗಳನ್ನು ಊಹಿಸಿ ಬೆರಳಲ್ಲಿ ಬರೆಯಬೇಕಾಗುತ್ತದೆ. ಇಂಥ ತ್ರಿಭಾಷಾ ದುಭಾಷಿಗಳಿಗೆ ಟೆಕ್ಸಾಸ್ ಪ್ರತ್ಯೇಕ ಅರ್ಹತಾ ಪರೀಕ್ಷೆಯನ್ನೇ ನಡೆಸುತ್ತದೆ. ಸ್ಥಳೀಯವಾಗಿ ಸಿಗದಿದ್ದರೆ ವೀಡಿಯೊ ಮೂಲಕವಾದರೂ ಒದಗಿಸಬಹುದು. ಬೇಡಿಕೆಯನ್ನು ಪೋಷಕರು ಬರಹದಲ್ಲಿ ಕೊಡಲಿ. ಶಾಲೆ ಒಪ್ಪದಿದ್ದರೆ ನಿರಾಕರಣೆಯನ್ನೂ ಕಾರಣಸಹಿತ ಬರಹದಲ್ಲಿ, ಪೋಷಕರಿಗೆ ಬರುವ ಭಾಷೆಯಲ್ಲಿ ಕೊಡಬೇಕೆಂಬುದು ಐಡಿಇಎ ಕಾಯ್ದೆಯ ನಿಯಮ. ಅನೇಕ ಶಾಲೆಗಳು ಆ ಪತ್ರ ಬರೆಯಲು ಕೂತಾಗಲೇ ಮನಸ್ಸು ಬದಲಿಸುತ್ತವೆ.